ಹದಿನಾರು ಅಡಿ ನಾಲ್ಕು ಇಂಚು

ರೇಣುಕಾಳ ಹಿತ್ತಲಿನ ಅಗಲ ಹದಿನಾರು ಅಡಿ. ಒಂದು ಇಂಚು ಹೆಚ್ಚಿಲ್ಲ, ಒಂದು ಇಂಚು ಕಡಿಮೆಯಿಲ್ಲ. ಆದರೆ ಅವಳ ತಮ್ಮ ಅರವಿಂದ ಅಳೆದ ದಿನ ಅದು ಹದಿನಾರು ಅಡಿ ನಾಲ್ಕು ಇಂಚು ಬಂದಿತ್ತು. ಅವತ್ತು ಯುಗಾದಿ. ಹೋಳಿಗೆ ಉಂಡು ಕಣ್ಣು ಎಳೆಯುತ್ತಿದ್ದ ಹೊತ್ತು. ಟೇಪಿನ ಒಂದು ತುದಿಯನ್ನು ರೇಣುಕಾ ಪಕ್ಕದ ಘೋಷ್‌ಬಾಬುಗಳ ಕಡೆಯ ಗೋಡೆಗೆ ಒತ್ತಿ ಹಿಡಿದಿದ್ದಳು. ಇನ್ನೊಂದು ತುದಿ ಎದುರು ಗೋಡೆಯ ಹತ್ತಿರ ಅರವಿಂದನ ಕೈಯಲ್ಲಿ. ನಡುವೆ ನೀರಿನ ಪಂಪು ಮುಚ್ಚಿದ ಮೊಣಕಾಲೆತ್ತರದ ಸಿಮೆಂಟಿನ ಗೂಡು. ಟೇಪು ಆ ಗೂಡನ್ನು ಹತ್ತಿ ಇಳಿದು ಹೋಗಿತ್ತು, ಇಬ್ಬರಿಗೂ ಅದರ ಗ್ಯಾನ ಇರಲಿಲ್ಲ. "ಹದಿನಾರು ನಾಲ್ಕು, ಅಕ್ಕಾ!" ಎಂದು ಅರವಿಂದ ಕೂಗಿದ. ರೇಣುಕಾ ಅಡುಗೆಮನೆಗೆ ಹೋಗಿ ಹುಬ್ಬಳ್ಳಿಯಿಂದ ತರಿಸಿದ ಕ್ಯಾಲೆಂಡರಿನ ಯುಗಾದಿ ಚೌಕದಲ್ಲಿ ಅದನ್ನೇ ಬರೆದಿಟ್ಟಳು.

ತಿಂಗಳಾದ ಮೇಲೆ ಕಬ್ಬಿಣ ಕೆಲಸದ ಬಾಪಿ ಮಿಸ್ತ್ರಿ ಬಂದು ಟೇಪನ್ನು ನೆಲಕ್ಕೆ ಹಚ್ಚಿ ಅಳೆದ. "ಬೌದಿ, ಹದಿನಾರೇ ಇದೆಯಲ್ಲ" ಎಂದ, ಬಂಗಾಳಿಗರ ರೂಢಿಯಂತೆ ಅವಳನ್ನು ಅತ್ತಿಗೆ ಎಂದು ಕರೆಯುತ್ತ. ರೇಣುಕಾ ಗೂಡಿನ ಕಡೆ ನೋಡಿದಳು, ಅರ್ಥವಾಯಿತು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅರವಿಂದನಿಗೆ ಮಾತ್ರ ಹೇಳಲಿಲ್ಲ. ಅವನೋ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು. ಕೋಲ್ಕತ್ತಾದ ಸೆಕ್ಟರ್ ಫೈವ್‌ನ ಕಂಪನಿಯೊಂದರಲ್ಲಿ ದೊಡ್ಡ ಇಂಜಿನಿಯರ್ ಬೇರೆ. ಗ್ರಿಲ್ ಬೆಸೆಯುವ ಮಿಸ್ತ್ರಿ ತನ್ನ ಅಳತೆ ತಿದ್ದಿದ ಎಂದು ಗೊತ್ತಾದರೆ ಎರಡು ದಿನ ಊಟ ಬಿಟ್ಟಾನು. ಇವಳಿಗಿಂತ ಒಂಬತ್ತು ವರ್ಷ ಚಿಕ್ಕವನು. ಅವ್ವ ತೀರಿದ ಮೇಲೆ ತಲೆಗೆ ಎಣ್ಣೆ ತಟ್ಟಿ, ಶರ್ಟಿನ ಗುಂಡಿ ಹಾಕಿ ಶಾಲೆಗೆ ಕಳಿಸಿದವಳು ಇವಳೇ. ಹೋಗಲಿ ಬಿಡು, ನಾಲ್ಕು ಇಂಚು ತಾನೇ ಎಂದು ತಮ್ಮನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಸುಮ್ಮನಾದಳು.

ಹಿತ್ತಲಿಗೆ ಸೂರು ಹಾಕಿಸುವ ಯೋಚನೆ ಹುಟ್ಟಿದ್ದೇ ಅವಳ ಗಂಡ ಶರಣಪ್ಪನವರಿಗಾಗಿ. ಎರಡು ವರ್ಷದ ಹಿಂದೆ ಅವರಿಗೆ ಲಕ್ವಾ ಹೊಡೆದು ಎಡಗಡೆ ಬಿದ್ದುಹೋಗಿತ್ತು. ಮಾತು ತೊದಲು. ಗಾಲಿಕುರ್ಚಿಯಲ್ಲಿ ಹಿತ್ತಲಿಗೆ ತಂದು ಕೂರಿಸಿದರೆ ಮಾತ್ರ ಮನುಷ್ಯನ ಮುಖಕ್ಕೆ ಕಳೆ ಬರುತ್ತಿತ್ತು. ಘೋಷ್‌ಬಾಬುಗಳ ಅತ್ತಿಮರದ ಕೊಂಬೆ ಗೋಡೆ ದಾಟಿ ಈಚೆ ಚಾಚಿತ್ತು. ಅದರ ಮೇಲಿನ ಅಳಿಲುಗಳಿಗೆಲ್ಲ ಅವರು ತಮ್ಮ ಹಳೇ ಆಫೀಸಿನ ಸಾಹೇಬರ ಹೆಸರಿಟ್ಟಿದ್ದರು. ಆದರೆ ಕೋಲ್ಕತ್ತಾದ ಬಿಸಿಲು ಗೊತ್ತಲ್ಲ, ಚೈತ್ರ ಬಂತೆಂದರೆ ಕೂರಲಾಗದು, ಆಷಾಢ ಬಂತೆಂದರೆ ಮಳೆ.

ಅದರ ಮೇಲೆ ಮಗಳು ತನುಶ್ರೀಯ ಮದುವೆ ಶ್ರಾವಣಕ್ಕೆ ನಿಶ್ಚಯವಾಯಿತು. ಹುಡುಗ ಶಶಾಂಕ, ಅವಳ ಆಫೀಸಿನವನೇ, ಒಳ್ಳೆಯವನು. ನೋಡಿದ ಮದುವೆ ಹಾಲ್‌ಗಳಲ್ಲಿ ಒಂದು ಮೂರನೇ ಮಹಡಿಯಲ್ಲಿ, ಇನ್ನೊಂದು ಊರಾಚೆ. ಶರಣಪ್ಪನವರು ಕಾರಿನಲ್ಲಿ ಹತ್ತು ನಿಮಿಷ ಕೂತರೆ ವಾಂತಿ. ಮಗಳ ತಲೆಯ ಮೇಲೆ ತಮ್ಮ ಕೈಯಾರೆ ನಾಲ್ಕು ಅಕ್ಕಿಕಾಳು ಹಾಕಬೇಕು, ಅದೊಂದು ಬಿಟ್ಟು ಆ ಮನುಷ್ಯ ಬೇರೇನೂ ಕೇಳಿದವರಲ್ಲ. ಹಾಗಾಗಿ ಮದುವೆ ಹಿತ್ತಲಲ್ಲೇ ಎಂದು ತೀರ್ಮಾನವಾಯಿತು.

ಮನೆ ರೇಣುಕಾಳ ಅಪ್ಪ ಕಟ್ಟಿಸಿದ್ದು. ಗದಗಿನಿಂದ ರೈಲ್ವೆ ನೌಕರಿಗೆ ಬಂದವರು ಜಾದವ್‌ಪುರದಲ್ಲಿ ತುಂಡು ಜಾಗ ಹಿಡಿದು ಎರಡಂತಸ್ತು ಏರಿಸಿ, ಅಕ್ಕ-ತಮ್ಮ ಇಬ್ಬರ ಹೆಸರಿಗೂ ಸೇರಿಸಿ ಬರೆದಿಟ್ಟು ಹೋದರು. ಮೇಲಿನ ಅಂತಸ್ತಿನಲ್ಲಿ ಅರವಿಂದನ ಸಂಸಾರ, ಕೆಳಗೆ ಇವರದು. ಆದರೆ ನಿಮ್ಮ ಮನೆ, ನಮ್ಮ ಮನೆ ಎಂಬ ಮಾತು ಆ ಮೆಟ್ಟಿಲುಗಳ ಮೇಲೆ ಒಮ್ಮೆಯೂ ಕೇಳಿರಲಿಲ್ಲ. "ಮ್ಯಾಲೆ ಅದಾನ", "ಕೆಳಗ ಐತಿ", ಅಷ್ಟೇ. ಅರವಿಂದ ಆಫೀಸಿನಿಂದ ಬಂದವನು ಕೆಳಗೆ ಇಣುಕಿದರೆ ಸಾಕು, "ಉಂಡು ಹೋಗು" ಎಂದು ರೇಣುಕಾ ತಟ್ಟೆ ಇಡುತ್ತಿದ್ದಳು. ಅವನು ಮೇಲೆ ಹೋಗಿ ಹೆಂಡತಿ ಬಡಿಸಿದ್ದನ್ನೂ ಉಣ್ಣುತ್ತಿದ್ದ. ಹೊಟ್ಟೆ ಬಂದದ್ದು ಹಾಗೇ.

ಪರ್ಮಿಷನ್ ವಿಷಯವನ್ನು ಮೊದಲು ಎತ್ತಿದವಳು ರೇಣುಕಾಳೇ. ಅವಳೇನು ದಡ್ಡಿಯಲ್ಲ. ಅರವಿಂದ ಅಳತೆಯ ದಿನವೇ ಎಲ್ಲ ಬಿಡಿಸಿ ಹೇಳಿದ. "ನೋಡಕ್ಕಾ, ಬಿದರು ಹಗ್ಗ ಕಟ್ಟಿದ್ರ ಯಾರೂ ಕೇಳಂಗಿಲ್ಲ. ಕಂಬದ ಬುಡಕ್ಕ ಸಿಮೆಂಟ್ ಹಾಕಿ, ಮ್ಯಾಲೆ ಶೀಟ್ ಹೊಚ್ಚಿದ್ರ ಅದು ಕಟ್ಟಡ ಆತು. ಸರ್ವೇಯರ್ ಕಡಿಂದ ನಕ್ಷೆ ತಗಸಬೇಕು, ಕಾರ್ಪೊರೇಷನ್ನಿಗೆ ಅರ್ಜಿ ಕೊಡಬೇಕು, ಇಬ್ಬರ ಸಹಿನೂ ಬೇಕು. ನೀ ಯಾಕ ತಲಿ ಕೆಡಿಸ್ಕೋತಿ? ನಾ ಮಾಡಸ್ತೇನಿ." ಅವನು ತಂದ ಕಾಗದಕ್ಕೆ ಅವಳು ಸಹಿ ಹಾಕಿಕೊಟ್ಟಳು. ಇಪ್ಪತ್ತು ದಿನ ಕಳೆದ ಮೇಲೆ ಒಂದು ಸಂಜೆ ಅವನು ಪೂರಿ ಮುರಿಯುತ್ತಾ, "ಆತಕ್ಕಾ, ಶುರು ಮಾಡಸು" ಎಂದ.

"ಕಾಗದಾ?"

"ಕಾಗದ ಬರಾಕ ತಡಾ ಆಗತೈತಿ. ಅರ್ಜಿಗೆ ನಂಬರ್ ಬಿದ್ದೈತಿ, ಸಾಕು. ಯಾಕ, ನನ್ನ ಮ್ಯಾಲೆ ನಂಬಿಕಿ ಇಲ್ಲೇನು?"

ಹಾಗೆ ಕೇಳಿಬಿಟ್ಟ ತಮ್ಮನ ಹತ್ತಿರ ಯಾವ ಅಕ್ಕ ತಾನೇ ಅರ್ಜಿಯ ನಂಬರು ಕೇಳುತ್ತಾಳೆ? ಅವಳು ಇನ್ನೊಂದು ಪೂರಿ ಹಾಕಿದಳು.

ಜೂನ್ ಹೊತ್ತಿಗೆ ಸೂರು ನಿಂತಿತು. ನಾಲ್ಕು ಕಬ್ಬಿಣದ ಕಂಬ, ಮೇಲೆ ಮರದ ಬಣ್ಣ ಬಳಿದ ಅಡ್ಡಪಟ್ಟಿ, ಅದರ ಮೇಲೆ ಬೆಳಕು ಬಿಡುವ ಶೀಟು. ಮೊದಲ ಮಳೆ ಬಿದ್ದ ದಿನ ಶರಣಪ್ಪನವರು ಅದರ ಕೆಳಗೆ ಕೂತು, ಶೀಟಿನ ಮೇಲೆ ಹನಿಯ ಸದ್ದು ಕೇಳುತ್ತ, ಬಲಗೈಯಿಂದ ತೊಡೆಯ ಮೇಲೆ ತಾಳ ಹಾಕಿದರು. ರೇಣುಕಾ ಬಾಗಿಲಲ್ಲಿ ನಿಂತು ನೋಡಿದಳು. ಅವತ್ತು ಅವಳಿಗಾದ ಸಂತೋಷ ಯಾರ ಕಣ್ಣಿಗೆ ಬಿತ್ತೋ ಏನೋ.

ಜುಲೈ ಮೊದಲ ವಾರ ಕಾರ್ಪೊರೇಷನ್ನಿನವರು ಬಂದು ಹಿತ್ತಲು, ಮನೆ ಎಲ್ಲ ಅಳೆದು ನೋಡಿಕೊಂಡು ಹೋದರು, ಗೇಟಿಗೆ ನೋಟಿಸು ಅಂಟಿತು. ಅನುಮತಿಯಿಲ್ಲದೆ ಕಟ್ಟಿದ ಸೂರು, ಕೆಲಸ ನಿಲ್ಲಿಸಿ, ಇಂಥ ದಿನ ವಿಚಾರಣೆಗೆ ಬನ್ನಿ ಎಂದಿತ್ತು. ರೇಣುಕಾ ಅದನ್ನು ಕಿತ್ತು ತಂದು ತಮ್ಮನಿಗೆ ತೋರಿಸಿದಳು. ಅರವಿಂದ ಮೆಟ್ಟಿಲ ಮೇಲೆ ನಿಂತು ಕೆಂಡ ಕಾರಿದ. "ಯಾರೋ ಕಂಪ್ಲೇಂಟ್ ಕೊಟ್ಟಾರ ಅಕ್ಕಾ. ಯಾರೋ ಏನು, ಇವನ, ಈ ಘೋಷ! ಶೀಟ್ ಹೊಚ್ಚುವಾಗ ಅವರ ಅತ್ತಿ ಕೊಂಬಿ ಕಡಿಸಿದ್ವಲ್ಲ, ಆ ಸಿಟ್ಟು. ನೀ ಅಂಜಬ್ಯಾಡ. ವಿಚಾರಣೆಗೆ ನಾ ಹೋಗತೇನಿ. ನೀ ಆಫೀಸಿನ ಕಡೆ ಕಾಲಿಡಬ್ಯಾಡ."

ರೇಣುಕಾ ನಂಬಿದಳು. ಇಪ್ಪತ್ತೆರಡು ವರ್ಷದಿಂದ ಗೋಡೆಯಾಚೆ ಈಚೆ ಬಟ್ಟಲು ಓಡಾಡುತ್ತಿದ್ದ ಮನೆ ಅದು. ಘೋಷ್‌ಬಾಬುಗಳ ಹೆಂಡತಿ, ಇವಳು ಚಿಕ್ಕಮ್ಮನಂತೆ ಕಾಕಿಮಾ ಎಂದು ಕರೆಯುವವರು, ಪಾಯೆಶ್ ಎಂಬ ಅಕ್ಕಿಪಾಯಸ ಕಳಿಸಿದರೆ, ಇವಳು ಅದೇ ಬಟ್ಟಲಲ್ಲಿ ಗೋಧಿ-ಬೆಲ್ಲದ ಮಾದಲಿ ತುಂಬಿ ಕಳಿಸಬೇಕು. ಬಟ್ಟಲು ಬರಿದಾಗಿ ವಾಪಸ್ಸು ಹೋಗಬಾರದು, ಅದು ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಆ ವಾರ ಕಾಕಿಮಾರ ಸ್ಟೀಲಿನ ಬಟ್ಟಲನ್ನು ರೇಣುಕಾ ತೊಳೆದು, ಒರೆಸಿ, ಖಾಲಿಯೇ ಗೋಡೆಯ ಮೇಲಿಟ್ಟು ಒಳಗೆ ಬಂದಳು. ಕಾಕಿಮಾ ಅದನ್ನು ತೆಗೆದುಕೊಂಡವರು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಕಿಟಕಿಯಿಂದ ಕಂಡರೂ ಇವಳು ಹೊರಗೆ ಬರಲಿಲ್ಲ.

ವಿಚಾರಣೆಯ ದಿನ ಬೆಳಿಗ್ಗೆ ಅರವಿಂದ, ಆಫೀಸಿನಲ್ಲಿ ಮೀಟಿಂಗ್ ಬಿದ್ದಿದೆ, ಬೇರೆ ದಿನ ಕೇಳಿಕೊಂಡರಾಯಿತು ಎಂದು ಕ್ಯಾಬ್ ಹತ್ತಿ ಹೋದ. ಮದುವೆಗೆ ಉಳಿದದ್ದು ಹದಿನೆಂಟು ದಿನ. ರೇಣುಕಾಳಿಗೆ ತಡೆಯಲಾಗಲಿಲ್ಲ. ತನುಶ್ರೀಯನ್ನು ಅಪ್ಪನ ಹತ್ತಿರ ಕೂರಿಸಿ, ಮನೆಪತ್ರ ಚೀಲಕ್ಕೆ ತುರುಕಿಕೊಂಡು ಶೇರ್ ಆಟೋ ಹತ್ತಿದಳು.

ಕಟ್ಟಡ ವಿಭಾಗದ ಇಂಜಿನಿಯರ್ ಕನ್ನಡಕ ಹಾಕಿದ, ತನುಶ್ರೀಗಿಂತ ತುಸು ದೊಡ್ಡ ಹೆಣ್ಣುಮಗಳು. ಕುರ್ಚಿ ತೋರಿಸಿ, ಬಂಗಾಳಿಯಲ್ಲಿ ನಿಧಾನವಾಗಿ ಮಾತಾಡಿದಳು.

"ಹದಿನೆಂಟು ದಿನಕ್ಕೆ ಮಗಳ ಮದುವೆ ಇದೆ. ಏಪ್ರಿಲಿನಲ್ಲೇ ನನ್ನ ತಮ್ಮ ಅರ್ಜಿ ಕೊಟ್ಟಿದ್ದಾನೆ" ಎಂದಳು ರೇಣುಕಾ.

ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು. ಮನೆ ನಂಬರು ಮತ್ತೆ ಕೇಳಿ ಇನ್ನೊಮ್ಮೆ ಹುಡುಕಿದಳು. ಗುಮಾಸ್ತನಿಂದ ದಪ್ಪ ರಿಜಿಸ್ಟರು ತರಿಸಿ ಪುಟ ತಿರುವಿದಳು. "ಇಲ್ಲ ದಿದಿ. ಈ ವಿಳಾಸದಿಂದ ಅರ್ಜಿಯೂ ಇಲ್ಲ, ನಕ್ಷೆಯೂ ಇಲ್ಲ. ಏಪ್ರಿಲಿನಲ್ಲೂ ಇಲ್ಲ, ಆಮೇಲೂ ಇಲ್ಲ."

ಏನೋ ತಪ್ಪಾಗಿದೆ, ಅರವಿಂದ ಬೇರೆ ಕಿಟಕಿಯಲ್ಲಿ ಕೊಟ್ಟಿರಬೇಕು ಎಂದುಕೊಂಡಳು ರೇಣುಕಾ. ಆಗಲೂ ಅವನ ಮೇಲೆ ಅನುಮಾನ ಬರಲಿಲ್ಲ ನೋಡಿ, ಅಂಥ ಹುಚ್ಚು ಪ್ರೀತಿ.

ಇಂಜಿನಿಯರ್ ಫೈಲು ಬಿಚ್ಚಿದಳು. "ದೂರು ಕೊಟ್ಟವರು ಹೆಸರು ಹಾಕಿಲ್ಲ, ಎಚ್ಚೆತ್ತ ನಾಗರಿಕ ಅಂತ ಬರೆದಿದ್ದಾರೆ. ಆದರೆ ವಿವರ ಮಾತ್ರ ಪಕ್ಕಾ ಇದೆ. ನಾಲ್ಕು ಕಂಬ, ಬುಡಕ್ಕೆ ಕಾಂಕ್ರೀಟು, ಮೇಲೆ ಶೀಟು. ಉದ್ದ ಹನ್ನೊಂದು ಅಡಿ, ಅಗಲ ಹದಿನಾರು ಅಡಿ ನಾಲ್ಕು ಇಂಚು." ತಲೆಯೆತ್ತಿ ನಕ್ಕಳು. "ಅಗಲದಲ್ಲಿ ನಾಲ್ಕು ಇಂಚು ಹೆಚ್ಚಿಗೆ ಹೇಳಿದ್ದಾರೆ. ನಮ್ಮವರು ಅಳೆದಾಗ ಹದಿನಾರೇ ಬಂತು."

ರೇಣುಕಾ ಮುಂದೆ ಬಗ್ಗಿ ಫೈಲಿನ ಆ ಅಂಕಿಯನ್ನು ತಾನೇ ನೋಡಿದಳು.

ಘೋಷ್‌ಬಾಬುಗಳು ಗೋಡೆಯಾಚೆಯಿಂದ ಕಣ್ಣಳತೆ ಹೇಳಬಹುದಿತ್ತು, ಹದಿನೈದೋ ಹದಿನೇಳೋ. ಬಾಪಿಗೆ ಗೊತ್ತಿದ್ದದ್ದು ಹದಿನಾರು. ನಾಲ್ಕು ಇಂಚಿನ ಆ ತಪ್ಪು ಇದ್ದದ್ದು ಅವಳ ಕ್ಯಾಲೆಂಡರಿನಲ್ಲಿ ಮತ್ತು ಅರವಿಂದನ ತಲೆಯಲ್ಲಿ. ಸರ್ವೇಯರನಿಗೆ ಹೇಳಿದ್ದಾನು, ಅವನಿಂದ ಹೊರಗೆ ಹೋಯಿತೇನೋ ಎಂದು ಒಂದು ಕ್ಷಣ ಜೀವ ಹಿಡಿದುಕೊಂಡಳು. ಆದರೆ ನಕ್ಷೆಯೇ ಇಲ್ಲದ ಮೇಲೆ ಸರ್ವೇಯರ್ ಎಲ್ಲಿಂದ ಬಂದ? ತಾನು ತಮ್ಮನ ಮಾನ ಕಾಯಲೆಂದು ಬಚ್ಚಿಟ್ಟ ತಪ್ಪು ಸರ್ಕಾರಿ ಫೈಲಿನಲ್ಲಿ ಟೈಪಾಗಿ ಕೂತಿತ್ತು.

"ಕೊನೆಗೆ ಇನ್ನೊಂದು ಸಾಲಿದೆ," ಇಂಜಿನಿಯರ್ ಮುಂದುವರಿಸಿದಳು, "ಇಡೀ ಮನೆ ಹಳೆಯದು, ಅಪಾಯದ್ದು, ಖಾಲಿ ಮಾಡಿಸಬೇಕು ಅಂತ. ಅದಕ್ಕೆ ನೀವು ಹೆದರಬೇಡಿ. ಮನೆ ಗಟ್ಟಿಯಾಗಿದೆ ಅಂತ ನಮ್ಮವರು ಬರೆದಿದ್ದಾರೆ. ಸೂರು ಮಾತ್ರ ತೆಗೆಯಬೇಕು. ಆಮೇಲೆ ಇಬ್ಬರು ಮಾಲೀಕರೂ ಸಹಿ ಹಾಕಿ ಸರಿಯಾಗಿ ಅರ್ಜಿ ಕೊಡಿ, ನೋಡೋಣ." ರೇಣುಕಾಳ ಮುಖ ನೋಡಿ ದನಿ ಇಳಿಸಿದಳು. "ಮದುವೆ ಅಂದಿರಲ್ಲ? ಡೆಕೊರೇಟರ್ ಕರೆಸಿ ಬಿದಿರಿನ ಪ್ಯಾಂಡಲ್ ಹಾಕಿಸಿ. ಮುಗಿದ ಮೇಲೆ ಬಿಚ್ಚಿಬಿಡಿ. ಅದಕ್ಕೆ ನಮ್ಮ ತಕರಾರಿಲ್ಲ."

ಆಟೋದಲ್ಲಿ ಕೂತಾಗ ಮನೆ ಖಾಲಿ ಮಾಡಿಸಬೇಕು ಎಂಬ ಸಾಲು ಕಿವಿಯಲ್ಲಿ ಕೊರೆಯಿತು. ಕಳೆದ ಚಳಿಗಾಲದಲ್ಲಿ ಸಾಹಾ ಎಂಬ ಪ್ರೊಮೋಟರ್ ಬಂದಿದ್ದ. ಮನೆ ಕೆಡವಿ ಐದಂತಸ್ತು ಎಬ್ಬಿಸುತ್ತೇನೆ, ಇಬ್ಬರಿಗೂ ಎರಡೆರಡು ಫ್ಲಾಟು ಎಂದಿದ್ದ. ಅರವಿಂದನ ಕಣ್ಣು ಹೊಳೆದಿತ್ತು. "ಇವರನ್ನ ಎರಡು ವರ್ಷ ಬಾಡಿಗಿ ಮನ್ಯಾಗ ಇಟ್ರ ಬದುಕಂಗಿಲ್ಲೋ. ಇವರಿಗೆ ಹಿತ್ತಲ ಬೇಕು" ಎಂದು ರೇಣುಕಾ ಕೈ ಮುಗಿದಿದ್ದಳು. "ಆತು ಬಿಡಕ್ಕಾ" ಎಂದಿದ್ದ ಅವನು. ಮತ್ತೆ ಆ ಸುದ್ದಿ ಎತ್ತಿರಲೇ ಇಲ್ಲ. ಎಷ್ಟು ದೊಡ್ಡ ಮನಸ್ಸು ನಮ್ಮ ಅರವಿಂದನದು ಎಂದು ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದ್ದಳಲ್ಲ! ಆಟೋದಲ್ಲಿ ಪಕ್ಕ ಕೂತ ಕಾಲೇಜು ಹುಡುಗಿ ಮೆಲ್ಲಗೆ ಕೇಳಿದ ಮೇಲೆಯೇ ತಾನು ಅಳುತ್ತಿದ್ದೇನೆಂದು ಅವಳಿಗೆ ಗೊತ್ತಾದದ್ದು.

ಮನೆಗೆ ಬಂದವಳು ಯಾರಿಗೂ ಬಾಯಿ ಬಿಡಲಿಲ್ಲ. ಮಗಳಿಗೆ ಹೇಳಿದರೆ ಮದುವೆಯ ಮನಸ್ಸು ಕೆಡುತ್ತದೆ, ಗಂಡನಿಗೆ ಹೇಳಿದರೆ ಜೀವಕ್ಕೇ ಕುತ್ತು. ಶರಣಪ್ಪನವರು ಅರವಿಂದನನ್ನು ಮೈದುನ ಎಂದು ಕಂಡವರಲ್ಲ, ಮಗ ಎಂದೇ ಕಂಡವರು. ಮರುದಿನ ಬಾಪಿ ಬಂದು ಶೀಟು ಇಳಿಸಿ, ಕಂಬ ಕತ್ತರಿಸಿದ. ಕತ್ತರಿಸುವ ಯಂತ್ರದ ಸದ್ದಿಗೆ ಶರಣಪ್ಪನವರು ಒಳಗಿನಿಂದ "ಯಾ... ಯಾಕ?" ಎಂದರು. "ಮದಿವಿಗೆ ಬಿದರಿಂದ ಹಾಕಸೂಣ ಅಂತ, ಚಂದ ಕಾಣತೈತಿ" ಎಂದಳು. ಅವರು ನಂಬಿದರು. ಈ ಮನೆಯಲ್ಲಿ ನಂಬುವುದಕ್ಕೇನು ಬರ ಇರಲಿಲ್ಲ.

ಸಂಜೆ ಅರವಿಂದ ಕೆಳಗೆ ಇಣುಕಿ, ಸೂರಿಲ್ಲದ ಹಿತ್ತಲು ನೋಡಿ, "ಅಯ್ಯ, ನನ್ನ ಕೇಳದ ಯಾಕ ತಗಸಿದಿ?" ಎಂದ. ತಾನೇ ವಿಚಾರಣೆಗೆ ಹೋಗಿದ್ದೆ, ತೆಗೆಯಬೇಕೆಂದರು ಎಂದಷ್ಟೇ ಅವಳು ಹೇಳಿದಳು. "ಘೋಷ್ ಸಾಧಿಸಿಬಿಟ್ಟ ನೋಡು" ಎಂದು ಅವನು ಹಲ್ಲು ಕಡಿದ. ಎಷ್ಟು ಚೆನ್ನಾಗಿ ಕಡಿದನೆಂದರೆ, ಗೊತ್ತಿಲ್ಲದಿದ್ದರೆ ಇವಳು ಮತ್ತೊಮ್ಮೆ ನಂಬುತ್ತಿದ್ದಳು.

ಮಾರನೆಯ ದಿನ ರೇಣುಕಾ ಒಂದು ಡಬ್ಬಿ ಮಾದಲಿ ಮಾಡಿಕೊಂಡು ಘೋಷ್‌ಬಾಬುಗಳ ಮನೆಗೆ ಹೋದಳು. "ಕಾಕಿಮಾ, ಆ ದಿನ ಬಟ್ಟಲು ಬರಿದೇ ಇಟ್ಟೆ. ನನ್ನದು ತಪ್ಪಾಯಿತು" ಎಂದಳು. ಯಾಕೆ, ಏನು ಎಂದು ಕಾಕಿಮಾ ಕೇಳಲಿಲ್ಲ. ಕೇಳಿದ್ದು ಮಗಳ ಮದುವೆಗೆ ಏನು ಬೇಕು ಎಂದು ಮಾತ್ರ. ರೇಣುಕಾ ಅತ್ತಿಯ ಒಂದು ಕೊಂಬೆ ಕೇಳಿದಳು. ಧಾರವಾಡದ ಕಡೆ ಹಂದರ ಹಾಕುವಾಗ ಮೊದಲು ನೆಡುವುದು ಹಾಲುಗಂಬ, ಕಡಿದರೆ ಹಾಲು ಬರುವ ಮರದ್ದು. ಅದನ್ನು ನೆಡುವವನು ಮದುಮಗಳ ಸೋದರಮಾವ.

ಹಂದರದ ದಿನ ಬೆಳಿಗ್ಗೆ ನಸುಕು ಹರಿದಿತ್ತು. ಡೆಕೊರೇಟರಿನವರು ಬಿದಿರು ಇಳಿಸಿ ಚಹಾ ಕುಡಿಯಲು ಹೋಗಿದ್ದರು. ಅರವಿಂದ ಹೊಸ ಪಂಚೆ ಉಟ್ಟು, ಹಣೆಗೆ ವಿಭೂತಿ ಬಳಿದುಕೊಂಡು ಇಳಿದು ಬಂದ. ಹಿತ್ತಲಲ್ಲಿ ರೇಣುಕಾ ಒಬ್ಬಳೇ ಇದ್ದಳು, ಕೈಯಲ್ಲಿ ಟೇಪು.

"ಕಂಬ ನಟ್ಟ ನಡುವ ಬರಬೇಕು. ಆ ತುದಿ ಹಿಡಿ" ಎಂದಳು.

ಅವನು ಹಿಡಿದ. ಟೇಪು ಪಂಪಿನ ಗೂಡನ್ನು ಹತ್ತಿತು.

"ಗೂಡಿನ ಮ್ಯಾಲೆ ಬ್ಯಾಡ. ಈಚೆ ಸರಿ, ನೆಲಕ್ಕ ಹಚ್ಚಿ ಹಿಡಿ. ಎಷ್ಟು ಬಂತು?"

"ಹದಿನಾರು" ಎಂದ ಅರವಿಂದ. ಮತ್ತೆ ಬಗ್ಗಿ ನೋಡಿದ. "ಹದಿನಾರ ಐತಿ."

"ಯುಗಾದಿ ದಿನ ನಾಲ್ಕು ಇಂಚು ಹೆಚ್ಚಿಗಿತ್ತು, ನೆನಪೈತಿ? ಟೇಪು ಗೂಡು ಹತ್ತಿ ಇಳದಿತ್ತು. ಬಾಪಿ ಅಳದಾಗ ನನಗ ಗೊತ್ತಾತು. ನೀ ಸಣ್ಣ ಮಾರಿ ಮಾಡ್ತಿ ಅಂತ ನಿನಗ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ." ಅವಳು ಟೇಪಿನ ತನ್ನ ತುದಿಯನ್ನು ಗೋಡೆಗೆ ಒತ್ತಿ ಹಿಡಿದೇ ಇದ್ದಳು. "ಆ ನಾಲ್ಕು ಇಂಚು ಕಾರ್ಪೊರೇಷನ್ ಫೈಲಿನ್ಯಾಗ ಐತೆಪಾ. ಎಚ್ಚೆತ್ತ ನಾಗರಿಕ ಬರದಾನ."

ಅರವಿಂದನ ಕೈಯಿಂದ ಟೇಪು ಜಾರಿ, ಸರ್ರನೆ ಓಡಿ ಬಂದು ಅವಳ ಬೆರಳಿಗೆ ಬಡಿಯಿತು. ಅವಳು ಕೈ ಕೊಡವಿಕೊಳ್ಳಲಿಲ್ಲ.

"ಅಕ್ಕಾ... ಸಾಹಾ ಹೇಳಿದ. ಸ್ವಲ್ಪ ಅಂಜಿಸಿದ್ರ ನೀ ಒಪ್ಪತಿ ಅಂತ. ನಿನ್ನ ಒಳ್ಳೇದಕ್ಕನ ಅಕ್ಕಾ, ಎರಡು ಫ್ಲಾಟು, ಲಿಫ್ಟು... ನೋಟಿಸ್ ಮದಿವಿ ಆದಮ್ಯಾಲೆ ಬರತೈತಿ ಅನ್ಕೊಂಡಿದ್ದೆ. ಅವರು ಇಷ್ಟ ಲಗೂನ ಬರತಾರಂತ ನನಗೇನ ಗೊತ್ತು?"

"ಮದಿವಿ ಆದಮ್ಯಾಲೆ!" ರೇಣುಕಾಳಿಗೆ ನಗು ಬಂತು, ಹೊಟ್ಟೆ ಉರಿಯುವ ನಗು. "ಪುಣ್ಯಾತ್ಮ, ಅಷ್ಟರ ವಿಚಾರ ಮಾಡಿದಿ! ಇವರು ಆ ನೆಳ್ಳಾಗ ಕುಂತು ತಾಳ ಹಾಕೂದನ್ನ ನೀನೂ ನೋಡಿದ್ದೆಲ್ಲೋ. ನೋಡಿ ಮ್ಯಾಲೆ ಹೋಗಿ ಆ ಕಂಪ್ಲೇಂಟ್ ಬರದೇನು? ನಾ ಹಾಕಿದ ಪೂರಿ ತಿಂದು ಬರದೇನು? ನೇರ ಬಂದು, ಅಕ್ಕಾ ನನಗ ಮನಿ ಮಾರಬೇಕಾಗೈತಿ ಅಂತ ಜಗಳಾ ಆಡಿದ್ರ ನಾ ಸಹಿಸ್ತಿದ್ನೋ. ಆ ಹಣ್ಣುಹಣ್ಣಾದ ಘೋಷ್‌ಬಾಬುಗಳ ಮ್ಯಾಲೆ ಹಾಕಿದೆಲ್ಲ!"

ಅಷ್ಟರಲ್ಲಿ ತನುಶ್ರೀ ಮೈತುಂಬ ಅರಿಶಿನ ಬಣ್ಣದ ಸೀರೆ ಉಟ್ಟು, ಆರತಿ ತಟ್ಟೆ ಹಿಡಿದು ಬಂದಳು. ಹಿಂದೆ ಗಾಲಿಕುರ್ಚಿಯಲ್ಲಿ ಶರಣಪ್ಪನವರು, ಬಾಗಿಲ ಚೌಕಟ್ಟಿನವರೆಗೆ. "ಮಾಮಾ, ರೆಡಿ? ಜಲ್ದಿ ಮಾಡ್ರಿ, ಫೋಟೋಗೆ ಲೈಟ್ ಚಲೋ ಐತಿ!" ಎಂದಳು ಹುಡುಗಿ.

ಅರವಿಂದ ಅಕ್ಕನ ಮುಖ ನೋಡಿದ.

"ನೆಡು" ಎಂದಳು ರೇಣುಕಾ, ಅವನಿಗೊಬ್ಬನಿಗೇ ಕೇಳುವಷ್ಟು. "ಅಕಿಗೆ ಸೋದರಮಾವ ಬೇಕು. ನನಗ ತಮ್ಮ ಬ್ಯಾಡ."

ಅವನು ಕುಳಿ ತೋಡಿದ, ಅತ್ತಿಕೊಂಬೆ ನಿಲ್ಲಿಸಿದ, ಮಣ್ಣು ಒತ್ತಿದ. ತನುಶ್ರೀ ಅವನಿಗೆ ಆರತಿ ಬೆಳಗಿ ಕಾಲಿಗೆ ನಮಸ್ಕಾರ ಮಾಡಿದಾಗ ಅವನ ಕಣ್ಣಲ್ಲಿ ನೀರು ಬಂತು. ಹುಡುಗಿ ಅದನ್ನು ಪ್ರೀತಿ ಎಂದುಕೊಂಡಳು. ಕಾಕಿಮಾ ಗೋಡೆಯಾಚೆಯಿಂದ ನಾಲಗೆ ಹೊರಳಿಸಿ ಉಲು ಎಂಬ ಮಂಗಳಧ್ವನಿ ಹಾಕಿದರು. ಶರಣಪ್ಪನವರು ಬಲಗೈ ಎತ್ತಿ ಮೈದುನನನ್ನು ಹರಸಿದರು.

ಎಲ್ಲ ಮುಗಿದ ಮೇಲೆ ರೇಣುಕಾ ಅಡುಗೆಮನೆಯಲ್ಲಿ ಎಲೆ ಹಾಕಿದಳು. ಅರವಿಂದ ಮೆಟ್ಟಿಲ ಬುಡಕ್ಕೆ ಹೋಗಿ, ಚಪ್ಪಲಿ ಮೆಟ್ಟಿ, ಕೈಗಂಬಿ ಹಿಡಿದು ನಿಂತ. ಅಲ್ಲಿಂದ ಅಡುಗೆಮನೆಯ ಬಾಗಿಲು ಎಂಟು ಹೆಜ್ಜೆ. ಕರೆಯುವ ಒಂದು ಮಾತಿಗೆ ಅವನು ಬಹಳ ಹೊತ್ತು ಕಾದ. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ಕೊನೆಗೆ ಮೆಟ್ಟಿಲು ಹತ್ತುವ ಸಪ್ಪಳ ರೇಣುಕಾಳಿಗೂ ಕೇಳಿಸಿತು.

ಅವಳು ಹುಗ್ಗಿ ಕಲಸಿ ಗಂಡನ ಬಾಯಿಗೆ ಮೊದಲ ತುತ್ತು ಇಟ್ಟಳು. ಶರಣಪ್ಪನವರು ನುಂಗಿ, ಪಕ್ಕದ ಖಾಲಿ ಮಣೆ ನೋಡಿ, ಕಷ್ಟಪಟ್ಟು ಕೇಳಿದರು. "ಅರ... ಅರವಿಂದ ಉಣ್ಣ... ಉಣ್ಣಂಗಿಲ್ಲೇನ?"

"ಉಣ್ತಾನ ಬಿಡ್ರಿ" ಎಂದಳು ರೇಣುಕಾ. "ಅವರ ಮನ್ಯಾಗ."

ಶರಣಪ್ಪನವರು ತುತ್ತು ಬಾಯಲ್ಲಿಟ್ಟುಕೊಂಡೇ ಅವಳ ಮುಖ ನೋಡುತ್ತ ಕೂತರು.